ಕೊಟ್ಟೂರಿನ ಹೊಲ ಅಳೆಸಿದ ದೊರೆ

ಕೊಟ್ಟೂರು ಅಂದ್ರೆ ಬಹಳ ಜನಕ್ಕೆ ನೆನಪಾಗೋದು ಗುರು ಕೊಟ್ಟೂರೇಶ್ವರನ ತೇರು. ನಾನು ಹೋದಾಗ ತೇರಿನ ಗದ್ದಲ ಇರಲಿಲ್ಲ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ದಾಟಿ ಬಂದು, ಸ್ವಾಮಿಯ ದರ್ಶನ ಮಾಡಿ, ಮಂಡಕ್ಕಿ–ಮೆಣಸಿನಕಾಯಿ ತಿಂದು, ಊರಾಚೆ ಸೋದರಮಾವನ ಹೊಲದ ಬದುವಿನ ಮೇಲೆ ನಿಂತೆ. ಒಂದು ಕಡೆ ಎರೆ, ಇನ್ನೊಂದು ಕಡೆ ಮಸಾರಿ. ಮಳೆ ಬಂದ್ರೆ ಬೆಳೆ, ಇಲ್ಲಾಂದ್ರೆ ಇಲ್ಲ.

ಮೊಬೈಲಿನಲ್ಲಿ ಪಹಣಿ ತೆಗೆದು ನೋಡ್ತಾ ಮಾವನನ್ನು ಕೇಳಿದೆ: "ಮಾವ, ಈ ಹೊಲಾನೆಲ್ಲ ಮೊದಲು ಅಳೆಸಿದ್ದು ಮನ್ರೋ ಅಂತ ಒಬ್ಬ ದೊರೆ, ಗೊತ್ತಾ?"

"ಮಂತ್ರಾಲಯದಾಗ ರಾಯರು ಮಾತಾಡಿಸಿದ್ರಲ್ಲಪಾ, ಆ ದೊರಿ ಅಲ್ಲೇನು?"

ಅದೇ ದೊರೆ. ಮಂತ್ರಾಲಯದ ಕಥೆ ಎಲ್ಲರಿಗೂ ಗೊತ್ತು, ಅವನ ಲೆಕ್ಕದ ಕಥೆ ಅಷ್ಟಾಗಿ ಗೊತ್ತಿಲ್ಲ. ನನಗೆ ಎರಡನೆಯದೇ ಹೆಚ್ಚು ಕುತೂಹಲ.

ಥಾಮಸ್ ಮನ್ರೋ ಹುಟ್ಟಿನಿಂದ ದೊಡ್ಡ ಮನೆತನದವನಲ್ಲ. 1761ರಲ್ಲಿ ಗ್ಲಾಸ್ಗೋದಲ್ಲಿ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ. ಅಮೆರಿಕದ ಯುದ್ಧದಲ್ಲಿ ಅಪ್ಪನ ವ್ಯಾಪಾರ ಮುಳುಗಿತು, ಮಗ 1780ರಲ್ಲಿ ಕಂಪನಿಯ ಸೈನ್ಯಕ್ಕೆ ಸೇರಿ ಮದ್ರಾಸಿಗೆ ಬಂದ. 'ಸರ್' ಅನ್ನಿಸಿಕೊಂಡದ್ದು, 1825ರಲ್ಲಿ ವಂಶಪಾರಂಪರ್ಯದ ಬ್ಯಾರೊನೆಟ್ ಪದವಿ ಸಿಕ್ಕಿದ್ದು ಎಲ್ಲ ಆಮೇಲಿನ ಮಾತು.

1800ರಲ್ಲಿ ನಿಜಾಮ ಕಂಪನಿ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು ಬಿಟ್ಟುಕೊಟ್ಟ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಎಲ್ಲವೂ ಅದರೊಳಗೇ ಬಂದವು. ಈ ಸೀಮೆಗೆ ಪ್ರಧಾನ ಕಲೆಕ್ಟರ್ ಆಗಿ ಬಂದವನೇ ಮನ್ರೋ. ಸುಮಾರು 80 ಪಾಳೆಯಗಾರರ ಕೈ ಕಟ್ಟಿಹಾಕಿದ. 1802ರಲ್ಲಿ ಹೊಲಗಳ ಅಳತೆ ಶುರು ಮಾಡಿಸಿದ.

ಅಳತೆಗೆ ಬಳಸಿದ್ದು 33 ಅಡಿಯ ಸರಪಳಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಅಂದ್ರೆ 1,089 ಚದರಡಿ. ಅಂಥ 40 ಸೇರಿದರೆ ಒಂದು ಎಕರೆ. ಬೆಂಗಳೂರಲ್ಲಿ 30×40 ಸೈಟಿಗೆ ಇಎಂಐ ಕಟ್ಟುತ್ತಿರುವವರಿಗೆ ಹೇಳಬೇಕಂದ್ರೆ, ನಿಮ್ಮ ಸೈಟಿಗಿಂತ ಸ್ವಲ್ಪ ಚಿಕ್ಕದು. ಹಳೆ ಮೈಸೂರಿನವರು ಇದನ್ನೇ ಗುಂಟೆ ಅಂತಾರೆ. ಬಳ್ಳಾರಿ ಕಡೆಯವರು 1953ರವರೆಗೂ ಮದ್ರಾಸಿನವರಾಗಿದ್ದರಿಂದ ಮಾವನ ಬಾಯಲ್ಲಿ ಈಗಲೂ 'ಸೆಂಟ್ಸ್' ಲೆಕ್ಕವೇ!

ಅಳೆಸಿದ್ದು ಪುಣ್ಯಕ್ಕಲ್ಲ, ಕಂದಾಯಕ್ಕೆ. ಮಧ್ಯೆ ಜಮೀನ್ದಾರ ಬೇಡ, ಪ್ರತಿ ಹೊಲಕ್ಕೂ ದರ ಕಟ್ಟಿ ರೈತನ ಹತ್ತಿರವೇ ನೇರವಾಗಿ ವಸೂಲಿ ಮಾಡೋಣ ಅನ್ನೋದು ರೈತವಾರಿ ಪದ್ಧತಿ. ಏಳು ವರ್ಷದಲ್ಲಿ ಈ ಸೀಮೆಯ ಭೂಕಂದಾಯ ಸುಮಾರು 4 ಲಕ್ಷ ಪೌಂಡಿನಿಂದ 6 ಲಕ್ಷಕ್ಕೆ ಏರಿತು. ಯುದ್ಧ, ಲೂಟಿಗಳಿಂದ ಸೋತ ಸೀಮೆ ಚೇತರಿಸಿಕೊಂಡಿತ್ತು, ನಿಜ. ಆದರೆ ಆ ಎರಡು ಲಕ್ಷ ಬಂದದ್ದು ಇಂಥ ಮಳೆ ನಂಬಿದ ಹೊಲಗಳಿಂದಲೇ. 'ಒಳ್ಳೆಯ ದೊರೆ' ಅನ್ನೋ ಕಥೆ ಕೇಳಿದಾಗೆಲ್ಲ ನನಗೆ ಈ ಅಂಕಿ ಅಡ್ಡ ಬರುತ್ತೆ.

ಆದರೂ ಮನ್ರೋನನ್ನು ಅಲ್ಲಿಗೇ ಬಿಡೋಕಾಗಲ್ಲ. 1807ರ ಆಗಸ್ಟಿನಲ್ಲಿ ಅವನೇ ಮದ್ರಾಸಿಗೆ ಬರೆದ: ಈ ದರ ಜಾಸ್ತಿಯಾಯ್ತು, ಇಳಿಸಿ. ಅವನ ಲೆಕ್ಕದಲ್ಲಿ 100 ಸೇರು ಬೆಳೆದರೆ ಸರ್ಕಾರಕ್ಕೆ ಹೋಗ್ತಿದ್ದದ್ದು ಸುಮಾರು 45 ಸೇರು. ಕಾಲು ಭಾಗ ಇಳಿಸಿದರೆ ಮೂರರಲ್ಲೊಂದಕ್ಕೆ ಬರುತ್ತೆ. ಬಾವಿ ಜಮೀನಿಗೆ ಇನ್ನೂ ಸ್ವಲ್ಪ ಬಿಡಬೇಕು. ಆಗ ಮಾತ್ರ ಹೊಲ ರೈತನ ಸ್ವಂತ ಆಸ್ತಿ ಆಗೋದು, ಮಾರಿದರೂ ಬೆಲೆ ಬರೋದು ಅನ್ನೋದು ಅವನ ವಾದ.

ಮದ್ರಾಸು ಕೇಳಲಿಲ್ಲ. ಅವನು ರಜೆ ಮೇಲೆ ಇಂಗ್ಲೆಂಡಿಗೆ ಹಡಗು ಹತ್ತಿದ ಮೇಲೆ ರೈತವಾರಿಯನ್ನೇ ಕೈಬಿಟ್ಟು ಹಳ್ಳಿಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟಿತು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಹೆಚ್ಚಿನ ಗುತ್ತಿಗೆದಾರರು ಮುಳುಗಿದರು. ಅವರ ಕೆಳಗಿದ್ದ ರೈತರ ಪಾಡು ನೀವೇ ಊಹಿಸಿ.

ಅತ್ತ ಮನ್ರೋ 1813ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಸಾಕ್ಷಿ ಹೇಳಿದ. ಲಂಡನ್ನಿನಲ್ಲಿ ರೈತವಾರಿಯ ಪರ ಮಾತಾಡಿ ಮಾತಾಡಿ ಗಾಳಿ ತಿರುಗಿಸಿದ. 1820ರಲ್ಲಿ ಮದ್ರಾಸ್ ಗವರ್ನರ್ ಆಗಿಯೇ ವಾಪಸ್ ಬಂದ. 1807ರಲ್ಲಿ ಕೇಳಿದ್ದ ಆ ಕಾಲು ಭಾಗದ ಕಡಿತ ಜಾರಿಗೆ ಬಂದದ್ದು ಆಮೇಲೆ. ಒಂದು ಕಾಗದಕ್ಕೆ ಹದಿಮೂರು ವರ್ಷಕ್ಕೂ ಹೆಚ್ಚು!

ಮಾವನಿಗೆ ಇದನ್ನೆಲ್ಲ ಹೇಳಿದೆ. ಅವರು ಈಗ ಕಟ್ಟೋ ಕಂದಾಯ ಚಿಲ್ಲರೆ ಕಾಸು, ಬೀಜ–ಗೊಬ್ಬರದ ಖರ್ಚೇ ದೊಡ್ಡದು. "ನೂರಕ್ಕೆ ನಲವತ್ತೈದಾ?" ಅಂತ ಎರಡು ಸಲ ಕೇಳಿದರು. ಆಮೇಲೆ "ಮಳಿ ಹೋದ ವರ್ಷ ಏನ್ ಮಾಡ್ತಿದ್ರೋ" ಅಂದರು.

ಈ ಸೀಮೆಯ ಆಂಧ್ರದ ಕಡೆ ಗಂಡುಮಕ್ಕಳಿಗೆ 'ಮನ್ರೋಲಪ್ಪ' ಅಂತ ಹೆಸರಿಡ್ತಿದ್ದರು. ಊರಿಗೆ ಮರಳುವ ಮುಂಚೆ ತನ್ನ ಹಳೆಯ ಜಿಲ್ಲೆಗಳನ್ನು ಕೊನೆಯ ಸಲ ನೋಡಿಬರ್ತೀನಿ ಅಂತ ಗವರ್ನರ್ 1827ರಲ್ಲಿ ಇತ್ತ ಹೊರಟ. ಪತ್ತಿಕೊಂಡದ ಹತ್ತಿರ ಬಿಡಾರದಲ್ಲಿ ಕಾಲರಾ ಹಿಡಿಯಿತು. ಜುಲೈ 6ರಂದು ತೀರಿಕೊಂಡ. ಅವನ ನೆನಪಿಗೆ ಸರ್ಕಾರ ಅಲ್ಲಿ ಒಂದು ತೋಪು ಹಾಕಿಸಿ ಬಾವಿ ತೋಡಿಸಿತು.