ಕೆರೆಯೂರಿನವನ ಹಡಗು

ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ ರೇಷ್ಮೆಯ ಗೀಳು ಹತ್ತಬೇಕು. ನನಗೆ ಹತ್ತಿದ್ದು ಮುಳುಗಿದ ಹಡಗಿನ ಗೀಳು. ನಂದಿಬೆಟ್ಟದ ಸೀಮೆಯ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗುತ್ತದೆ. ಅದರ ಪಾತ್ರದಲ್ಲಿ ನಾನು ನೀರಿಗಿಂತ ಮರಳನ್ನೇ ಹೆಚ್ಚು ಕಂಡಿದ್ದೇನೆ. ನನ್ನ ಮೇಜಿನ ಮೇಲೆ ಹರಡಿದ ಕಡಲಿನ ನಕ್ಷೆ ನೋಡಿ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಪಕ್ಕದ ಮನೆಯ ರೀಲರ್ ಒಮ್ಮೆ ಕೇಳಿದ: "ಏನಣ್ಣಾ, ನಮ್ಮ ಕೆರೇಲಿ ಎಮ್ಮೆ ಮುಳುಗೋಷ್ಟು ನೀರಿಲ್ಲ, ನೀನು ಹಡಗು ಹುಡುಕ್ತಾ ಇದೀಯಾ?"

ಇದೆಲ್ಲ ಶುರುವಾದದ್ದು ಒಂದು ಹಂಚಿನಿಂದ. ತಾತನ ಮನೆಯ ಮಾಡು ಇಳಿಸುವಾಗ ಒಂದನ್ನು ಮಗುಚಿ ನೋಡಿದೆ. ಬೆನ್ನಿನ ಮೇಲೆ ಅಚ್ಚೊತ್ತಿದ ಅಕ್ಷರಗಳಿದ್ದವು. ಮಸಿ, ಪಾಚಿ ಕೆರೆದ ಮೇಲೆ 'ಮಂಗಳೂರು' ಎಂಬುದಷ್ಟು ಓದಲು ಸಿಕ್ಕಿತು, ಉಳಿದದ್ದು ಸವೆದಿತ್ತು. ರೇಷ್ಮೆಗೂಡು ತೂಗುವ ತಕ್ಕಡಿಗೆ ಇಟ್ಟೆ, ಸುಮಾರು 2.5 ಕಿಲೋ. ಅಂದರೆ ಹತ್ತು ಸಾವಿರ ಹಂಚಿಗೆ 25 ಟನ್. ಇಷ್ಟು ಭಾರವನ್ನು ಆ ಕಾಲದಲ್ಲಿ ಯಾರು, ಯಾವುದರಲ್ಲಿ ಹೊತ್ತರು?

ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹೊಳೆದಂಡೆಯ ಜೇಡಿ ಅದಕ್ಕೆ ಮಣ್ಣಾಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ದೂರದ ಊರುಗಳಿಗೆ ಹಂಚು ಹೋಗಬೇಕಾದರೆ ಕಡಲೇ ಹೆದ್ದಾರಿ. ಹಳೆಯ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ, ದೂರದಲ್ಲೇ ಲಂಗರು ಹಾಕುತ್ತಿತ್ತು. ದಕ್ಕೆಯಿಂದ ಅಲ್ಲಿಗೆ ಸರಕು ಮುಟ್ಟಿಸುವುದು ಮರದ ದೋಣಿಗಳ ಕೆಲಸ. ದಡ ಹಿಡಿದು ಬಂದರಿನಿಂದ ಬಂದರಿಗೆ ಹಾಯಿಯಲ್ಲಿ ಹೋಗುವ ಮಂಜಿ, ಪತ್ತೇಮಾರಿಗಳೂ ಇದ್ದವು. ಹಲಗೆಗೆ ಮೀನೆಣ್ಣೆ, ತಳಕ್ಕೆ ಎಣ್ಣೆಯಲ್ಲಿ ಕಲಸಿದ ಸುಣ್ಣ. ಅಷ್ಟು ಮಾಡಿದರೂ ಉಪ್ಪುನೀರಿನ ಕೊರೆಹುಳು ಬಿಡುವುದಿಲ್ಲ. ಮುಳುಗಿದ ಮರವನ್ನು ಅದು ಜರಡಿಯಾಗಿಸುತ್ತದೆ.

ಹಾಗಾಗಿ ಮರದ ಹಡಗನ್ನು ಹುಡುಕುವವನು ಹಡಗನ್ನು ಹುಡುಕಬಾರದು, ಅದರ ಹೊರೆಯನ್ನು ಹುಡುಕಬೇಕು. ಇದನ್ನು ನನಗೆ ಕಲಿಸಿದ್ದು ಗೋವೆಯ ಕಡಲಿನ ಸೇಂಟ್ ಜಾರ್ಜ್ ದಿಬ್ಬ. ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಅಲ್ಲಿ ಮುಳುಗಿ ನೋಡಿದಾಗ ಸುಟ್ಟ ಮಣ್ಣಿನ ಕಂಬದ ತುಂಡುಗಳು, ಬೋದಿಗೆಗಳು, ಮೂಲೆಹಂಚು, ಕೊಳವೆ, ಇಟ್ಟಿಗೆಗಳು ಸಿಕ್ಕವು. ಇಟ್ಟಿಗೆಯ ಮೇಲೆ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865' ಎಂಬ ಅಚ್ಚು. ಓದಿದೊಡನೆ ನಾನು 1865ರ ಹಡಗೆಂದು ಬರೆದಿಟ್ಟುಕೊಂಡು ಬೀಗಿದ್ದೆ. ಎರಡು ದಿನ ಬಿಟ್ಟು ಹೊಳೆಯಿತು: ಅದು ಕಾರ್ಖಾನೆ ಹುಟ್ಟಿದ ವರ್ಷ, ಇಟ್ಟಿಗೆ ಸುಟ್ಟ ವರ್ಷವಲ್ಲ. ಮಣ್ಣನ್ನು ಕಾಯಿಸಿ ಅದು ಸೂಸುವ ಬೆಳಕಿನಿಂದ ವಯಸ್ಸು ಅಳೆಯುವ ಪರೀಕ್ಷೆಯೂ ನೂರು ವರ್ಷದ ಆಸುಪಾಸನ್ನೇ ತೋರಿಸಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಉದ್ಯಮಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಳೆಯ ಹೆಸರಿನ ಅಚ್ಚಿದ್ದರೆ ಅದಕ್ಕೂ ಮುಂಚಿನ ಮಣ್ಣು ಎಂದು ಊಹಿಸಬಹುದು. ಹೀಗೆ ಕಾಲವನ್ನು ಎರಡೂ ಕಡೆಯಿಂದ ಒತ್ತುತ್ತ ಬರುವುದರಲ್ಲಿ ಒಂದು ಸುಖವಿದೆ. ನಮ್ಮೂರಿನ ರೀಲರ್ ಬಿಸಿನೀರಿನಲ್ಲಿ ಬೆಂದ ಗೂಡಿನ ಮೇಲೆ ಬ್ರಷ್ ಆಡಿಸಿ ಎಳೆಯ ತುದಿ ಹಿಡಿಯುತ್ತಾನಲ್ಲ, ಅದೇ ಸುಖ. ತುದಿ ಸಿಗುವವರೆಗೆ ಬರೀ ಸಿಕ್ಕು, ಸಿಕ್ಕಿತೋ ನೂರಾರು ಮೀಟರ್ ತಾನೇ ಬಿಚ್ಚಿಕೊಳ್ಳುತ್ತದೆ.

ಗೋವೆಯ ಹೊರೆಯಾದರೂ ಸಿಕ್ಕಿತು. ಕರಾವಳಿಯ ತಳದಲ್ಲಿ ಯಾರ ಕಣ್ಣಿಗೂ ಬೀಳದ ಮಂಜಿಗಳು ಇನ್ನೆಷ್ಟೋ ಇರಬೇಕು. ನನ್ನ ರಜೆಗಳೆಲ್ಲ ಅವುಗಳ ಪಾಲು. ಹಳೆಯ ಗೆಜೆಟಿಯರ್‌ನಲ್ಲಿ ಬಂದರಿನ ಪುಟಗಳು, ನಕ್ಷೆಯಲ್ಲಿ ಬಂಡೆಯ ಗುರುತುಗಳು, ಮುಂಗಾರಿನ ಅಬ್ಬರ ಇಳಿದು ನೂಲಹುಣ್ಣಿಮೆಯ ಸಮುದ್ರಪೂಜೆಯ ಮೇಲೆ ಹಾಯಿ ಬಿಚ್ಚುವ ಗಾಳಿಯ ಲೆಕ್ಕ. ಎಲ್ಲಕ್ಕಿಂತ ನಂಬಿಕೆಯ ನಕ್ಷೆ ಮೊಗವೀರ ಮೀನುಗಾರರ ಬಾಯಲ್ಲಿದೆ: ಬಲೆ ಎಲ್ಲಿ ಸಿಕ್ಕಿ ಹರಿಯುತ್ತದೆ ಎಂಬುದು.

ಕಡಲಿಲ್ಲದ ನಾಡಿನವರ ಕಡಲ ಹಂಬಲ ಹೊಸದೇನೂ ಅಲ್ಲ. ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರಿಗೊಂದು ಬಾಗಿಲು ಬೇಕೆಂದು ಭಟ್ಕಳದ ಬಂದರಿನ ಯೋಜನೆ ಹಿಡಿದಿದ್ದರು. ಅದು ಕೈಗೂಡಲಿಲ್ಲ. ಇದನ್ನು ಹೇಳಿದರೆ ನನ್ನ ರೀಲರ್ ನಗುತ್ತಾನೆ: "ಅವರು ಬಂದರು ಕಟ್ಟೋಕೆ ಹೊರಟಿದ್ದರು, ನೀನು ಮುಳುಗಿದ್ದನ್ನ ಎತ್ತೋಕೆ."

ಕೊನೆಗೆ ಅವನೇ ನನ್ನ ಬುಡಕ್ಕೆ ಕೊಡಲಿ ಹಾಕಿದ. "ಅಣ್ಣಾ, ನಿಮ್ಮ ತಾತನ ಹಂಚು ಹಡಗು ಯಾಕೆ ಹತ್ತಬೇಕು? ಘಟ್ಟ ಹತ್ತಿ ಗಾಡೀಲಿ ಬಂದಿರಬಹುದಲ್ಲಾ?"

ಬಂದಿರಬಹುದು. ರೈಲಿನಲ್ಲೂ ಬಂದಿರಬಹುದು. ಮುಳುಗಿದ ಹಂಚಿಗಾದರೆ ದಿಬ್ಬದ ಹೆಸರಿದೆ, ಪರೀಕ್ಷೆಯಿದೆ, ವಿಜ್ಞಾನಿಗಳ ಬರಹವಿದೆ. ಕ್ಷೇಮವಾಗಿ ಬಂದು ನಮ್ಮನ್ನು ಎರಡು ತಲೆಮಾರು ನೆನೆಯದಂತೆ ಕಾಯ್ದ ಹಂಚು ಯಾವ ದಾರಿಯಲ್ಲಿ ಬಂತೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿದ್ದು ಮಾಡು ಇಳಿಸಿದ ಮೇಲೆಯೇ.

ಈಗ ಚಿಂತಾಮಣಿಯ ಕಡೆಗೋ ಗೌರಿಬಿದನೂರಿನ ಕಡೆಗೋ ಹೋದಾಗ ಹಳೆಯ ಮನೆ ಕೆಡವುತ್ತಿದ್ದರೆ ಬೈಕ್ ನಿಲ್ಲಿಸುತ್ತೇನೆ. ಕೂಲಿಯವರು ಹಂಚು ಕೈಗೆ ಕೈ ದಾಟಿಸುತ್ತಿರುತ್ತಾರೆ. ದಕ್ಕೆಯಲ್ಲೂ ಹೀಗೇ ದಾಟಿಸುತ್ತಿದ್ದರೇನೋ. "ಒಂದು ನಿಮಿಷ, ಮಗುಚಿ ತೋರಿಸ್ತೀರಾ?" ಎನ್ನುತ್ತೇನೆ. ಕೊಳ್ಳುವವನು ಬಂದನೆಂದು ಅವರು ಬೆಲೆ ಹೇಳತೊಡಗುತ್ತಾರೆ.