ಎರಡನೆಯ ಪದವಿಗೆ ಯಾರ ದುಡ್ಡು?

ಮೊದಲ ಪದವಿಗೆ ಊರೆಲ್ಲ ನೆಂಟರು. ಅಜ್ಜಿ ಓಲೆ ಬಿಚ್ಚಿಕೊಡುತ್ತಾಳೆ, ಸೋದರಮಾವ ಹಾಸ್ಟೆಲ್ ಶುಲ್ಕ ಕಟ್ಟುತ್ತಾನೆ, ಸಂಘದವರು ವೇದಿಕೆಗೆ ಕರೆದು ಶಾಲು ಹೊದಿಸಿ ಲಕೋಟೆ ಕೊಡುತ್ತಾರೆ. ಅದೇ ಹುಡುಗಿ ಐದಾರು ವರ್ಷ ಕಳೆದು ಇನ್ನೊಂದು ಪದವಿ ಓದುತ್ತೇನೆಂದರೆ, ‘ಇನ್ನೂ ಮುಗಿಯಲಿಲ್ಲವೇ ನಿನ್ನ ಓದು?’ ಎಂಬ ಪ್ರಶ್ನೆ ಬರುತ್ತದೆಯೇ ಹೊರತು ಲಕೋಟೆ ಬರುವುದಿಲ್ಲ.

ಎರಡನೆಯ ಪದವಿಯೆಂದರೆ ಬಹುಮಟ್ಟಿಗೆ ಬಿ.ಇಡಿ., ಇಲ್ಲವೇ ಮೂರು ವರ್ಷದ ಎಲ್‌ಎಲ್.ಬಿ. ಇದೇನೂ ಶೋಕಿಯ ಓದಲ್ಲ. ಬಿ.ಎಸ್‌ಸಿ. ಮುಗಿಸಿ ಖಾಸಗಿ ಶಾಲೆಯಲ್ಲಿ ಗಣಿತ ಹೇಳುವ ಇಪ್ಪತ್ತೇಳರ ಹೆಣ್ಣುಮಗಳೊಬ್ಬಳನ್ನು ನೋಡಿ. ಮಕ್ಕಳಿಗೆ ಅವಳ ಪಾಠವೆಂದರೆ ಪ್ರಾಣ. ಆದರೆ ಸರ್ಕಾರಿ ಪ್ರೌಢಶಾಲೆಯ ಹುದ್ದೆಗೆ ಅರ್ಜಿ ಹಾಕಬೇಕಾದರೆ ಬಿ.ಇಡಿ. ಬೇಕು. ಬರುವ ಸಂಬಳದಲ್ಲಿ ತಾಯಿಯ ಮಾತ್ರೆಗಳಾಗಬೇಕು, ತಮ್ಮನ ಡಿಪ್ಲೊಮಾ ಸಾಗಬೇಕು.

ಮೊದಲು ಒಂದೇ ವರ್ಷವಿದ್ದ ಬಿ.ಇಡಿ. 2015ರಿಂದ ಎರಡು ವರ್ಷವಾಯಿತು. ಹೀಗಾಗಿ ಅವಳಿಗೆ ಶುಲ್ಕಕ್ಕಿಂತ ದೊಡ್ಡ ಖರ್ಚೆಂದರೆ ನಿಂತುಹೋಗುವ ಇಪ್ಪತ್ತನಾಲ್ಕು ತಿಂಗಳ ಸಂಬಳ. ಯಾವ ರಸೀದಿಯಲ್ಲೂ ಅದು ಕಾಣುವುದಿಲ್ಲ. ಕೆಲಸ ಬಿಡದೆ ಅಂಚೆಯಲ್ಲಿ ಓದೋಣವೆಂದರೆ, ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಿ.ಇಡಿ. ಇರುವುದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ. ಹಲ್ಲಿದ್ದವರಿಗೆ ಕಡಲೆಯಿಲ್ಲ!

ಉಳಿದದ್ದು ಬ್ಯಾಂಕು. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುವ, 2009ರಲ್ಲಿ ಆರಂಭವಾದ ಕೇಂದ್ರ ಯೋಜನೆಯ ಸವಲತ್ತು ಒಬ್ಬರಿಗೆ ಒಮ್ಮೆ ಮಾತ್ರ. ಪದವಿಗಾದರೆ ಅದು ಮೊದಲನೆಯದೇ ಆಗಿರಬೇಕು. ಎರಡನೆಯ ಸಲ ಬಂದವರು ಬಡ್ಡಿಯನ್ನು ತಾವೇ ಹೊರಬೇಕು.

ಇಲ್ಲಿ ಏಳನೇ ತರಗತಿಯ ಸರಳಬಡ್ಡಿ ನೆರವಿಗೆ ಬರುತ್ತದೆ. ಶೇಕಡಾ 10ರಂತೆ 1 ಲಕ್ಷ ರೂಪಾಯಿಯನ್ನು ಮೊದಲ ದಿನವೇ ಪಡೆದರೆ, ಓದಿನ ಎರಡು ವರ್ಷ ಮತ್ತು ಆಮೇಲಿನ ಒಂದು ವರ್ಷದ ಬಿಡುವಿಗೆ ಸೇರಿ ಬಡ್ಡಿಯೇ 30,000 ರೂಪಾಯಿ. ಸಂಜೆ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳಿ ತಿಂಗಳಿಗೆ ಸುಮಾರು 835 ರೂಪಾಯಿ ಕಟ್ಟುತ್ತ ಹೋದರೆ ಕಂತು ಶುರುವಾಗುವ ಹೊತ್ತಿಗೆ ಅಸಲಷ್ಟೇ ಬಾಕಿ. ಸಾಲವನ್ನು ಒಟ್ಟಿಗೆ ಪಡೆಯದೆ ವರ್ಷ ವರ್ಷಕ್ಕೆ ಬೇಕಾದಷ್ಟೇ ಪಡೆದರೆ ಹೊರೆ ಇನ್ನೂ ಹಗುರ.

ಅದಕ್ಕೂ ಮೊದಲು ಕೇಂದ್ರೀಕೃತ ದಾಖಲಾತಿಯಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಪ್ರಯತ್ನಿಸಬೇಕು. ವಿದ್ಯಾರ್ಥಿವೇತನ ಸಿಗುವುದಿಲ್ಲವೆಂದು ತಾನೇ ತೀರ್ಮಾನಿಸಿ ಅರ್ಜಿ ಬಿಡಬಾರದು. ಬಿ.ಎ. ಮುಗಿಸಿ ಬಿ.ಕಾಂ. ಸೇರುವುದು ಒಂದೇ ಹಂತದಲ್ಲಿ ಸುತ್ತಿದಂತೆ. ಪದವಿಯನ್ನೇ ಅರ್ಹತೆಯಾಗಿ ಕೇಳುವ ಬಿ.ಇಡಿ.ಯನ್ನು ಅದರ ಜೊತೆ ತೂಗಲಾಗದು.

ಆ ಹೆಣ್ಣುಮಗಳು ಒಂದು ವರ್ಷ ಕಾಯಲು ನಿರ್ಧರಿಸಿದ್ದಾಳೆ. ಅಷ್ಟರಲ್ಲಿ ತಮ್ಮನ ಡಿಪ್ಲೊಮಾ ಮುಗಿಯುತ್ತದೆ. ಅವನು ದುಡಿದು ಮನೆ ನಡೆಸಿದರೆ ಇವಳು ಓದಬಹುದು. ನಡೆಸದಿದ್ದರೆ ಇವಳಿಗೆ ಇಪ್ಪತ್ತೊಂಬತ್ತಾಗುತ್ತದೆ, ಅಷ್ಟೆ. ಬೇಸಿಗೆಯಲ್ಲಿ ಪ್ರತಿಭಾ ಪುರಸ್ಕಾರ ಏರ್ಪಡಿಸುವ ಸಂಘಗಳು ಹತ್ತು ಲಕೋಟೆಗಳಲ್ಲಿ ಒಂದನ್ನು ಇಂಥವರಿಗೆ ತೆಗೆದಿಡಬಹುದು. ಶಾಲು ಕೊಡದಿದ್ದರೂ ನಡೆದೀತು.