ತಲಪಾಡಿ ದಾಟುವ ಆ್ಯಪು, ದಾಟದ ಆ್ಯಪು

ಕಾಸರಗೋಡು ಜಿಲ್ಲೆಯ ಕನ್ನಡಿಗರ ಮೊಬೈಲಿನಲ್ಲಿರುವ ಸೇವೆಗಳು ಎರಡು ಬಗೆಯವು. ಕೆಲವು ಕರ್ನಾಟಕದ ಗಡಿಯ ತಲಪಾಡಿ ದಾಟಿದರೂ ನಡೆಯುತ್ತವೆ, ಉಳಿದವು ಅಲ್ಲಿಗೇ ನಿಲ್ಲುತ್ತವೆ. ಕೇಂದ್ರ ಸರಕಾರ ಅಥವಾ ಬ್ಯಾಂಕಿಂಗ್ ವ್ಯವಸ್ಥೆ ನಡೆಸುವ ಸೇವೆಗಳು ಹೆಚ್ಚಾಗಿ ಮೊದಲ ಬಗೆಗೆ, ರಾಜ್ಯ ಸರಕಾರಗಳ ಸೇವೆಗಳು ಎರಡನೆಯ ಬಗೆಗೆ ಸೇರುತ್ತವೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಎಷ್ಟೋ ಜನರ ಮನೆ ಒಂದು ರಾಜ್ಯದಲ್ಲಿದ್ದರೆ ಆಸ್ಪತ್ರೆ, ಕಾಲೇಜು, ಅಡಿಕೆ ವ್ಯಾಪಾರ ಇನ್ನೊಂದರಲ್ಲಿ. ಹೀಗಾಗಿ ಆ್ಯಪಿನ ಭಾಷೆ ಯಾವುದೆನ್ನುವುದಕ್ಕಿಂತ ಅದು ಕೇಳುವ ವಿಳಾಸ ಯಾವುದೆನ್ನುವುದೇ ದೊಡ್ಡ ಪ್ರಶ್ನೆಯಾಗುತ್ತದೆ.

ದಾಟುವವುಗಳಲ್ಲಿ ಎಲ್ಲಕ್ಕಿಂತ ಸಲೀಸಾದದ್ದು 2016ರಲ್ಲಿ ಬಂದ ಯುಪಿಐ. ಉಪ್ಪಳದ ಮೀನಿನಂಗಡಿಯಲ್ಲೂ ತೊಕ್ಕೊಟ್ಟಿನ ಗೂಡಂಗಡಿಯಲ್ಲೂ ಸ್ಕ್ಯಾನ್ ಮಾಡುವ ರೀತಿ ಒಂದೇ. ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆಯ ಭಾಷೆಯನ್ನು ಅಂಗಡಿಯವರೇ ಆರಿಸಿಕೊಳ್ಳಬಹುದು. ಆದ್ದರಿಂದ ಒಂದೇ ಪೇಟೆಯ ಸಾಲಿನಲ್ಲಿ ಒಂದು ಪೆಟ್ಟಿಗೆ ಮಲಯಾಳದಲ್ಲಿ, ಪಕ್ಕದ್ದು ಕನ್ನಡದಲ್ಲಿ, ಇನ್ನೊಂದು ಯಾರೂ ಬದಲಿಸುವ ಗೋಜಿಗೆ ಹೋಗದ ಹಿಂದಿಯಲ್ಲಿ ಕೂಗುವುದುಂಟು. ಚೌಕಾಸಿ ಮಾತ್ರ ತುಳುವಿನಲ್ಲೇ ಮುಗಿದಿರುತ್ತದೆ.

2015ರಲ್ಲಿ ಆರಂಭವಾದ ಡಿಜಿಲಾಕರ್ ದಿನವೂ ಗಡಿ ದಾಟುವ ಸ್ಕೂಟರು, ಕಾರುಗಳವರಿಗೆ ಬೇಕೇ ಬೇಕು. ಅದರಲ್ಲಿರುವ ಚಾಲನಾ ಪರವಾನಗಿ ಮತ್ತು ವಾಹನ ನೋಂದಣಿ ಪತ್ರವನ್ನು ಮೂಲ ದಾಖಲೆಗೆ ಸಮಾನವೆಂದು ಒಪ್ಪಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಕಾಸರಗೋಡಿನಲ್ಲಿ ಕೊಟ್ಟ ಪರವಾನಗಿಯನ್ನು ಮಂಗಳೂರಿನ ಪೊಲೀಸರಿಗೆ ಮೊಬೈಲಿನಲ್ಲೇ ತೋರಿಸಬಹುದು. ಆದರೆ ಇಲಾಖೆಯಿಂದ ನೇರವಾಗಿ ಇಳಿಸಿಕೊಂಡ ದಾಖಲೆಗೆ ಮಾತ್ರ ಈ ಮಾನ್ಯತೆ. ಫೋಟೊ ತೆಗೆದು ತಾವೇ ಏರಿಸಿಟ್ಟ ಚಿತ್ರಕ್ಕೆ ಅದಿಲ್ಲ, ತಪಾಸಣೆಯ ಹೊತ್ತಿನಲ್ಲಿ ವಾಗ್ವಾದ ಹುಟ್ಟುವುದು ಇಲ್ಲಿಯೇ.

ರೈಲಿನದು ಇನ್ನೂ ಸುಲಭ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಮಾತ್ರವಲ್ಲ, ಮಂಗಳೂರು ಸೆಂಟ್ರಲ್ ಕೂಡ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೇ ಸೇರಿದೆ. ಕಾಯ್ದಿರಿಸದ ಟಿಕೆಟನ್ನು, ನಿತ್ಯ ಓಡಾಡುವವರ ಸೀಸನ್ ಟಿಕೆಟನ್ನು ಯುಟಿಎಸ್ ಆ್ಯಪಿನಲ್ಲಿ ಪಡೆಯುವುದು ರೂಢಿಯಾಗಿತ್ತು. 2025ರಲ್ಲಿ ಬಂದ ರೈಲ್‌ಒನ್ ಇಂಥ ಹಲವು ಸೇವೆಗಳನ್ನು ಒಂದೆಡೆ ತಂದಿದೆ. ರೈಲು ಎಲ್ಲಿದೆಯೆಂದು ನೋಡಲು ಹೆಚ್ಚಿನವರು ಬಳಸುವ 'ವೇರ್ ಈಸ್ ಮೈ ಟ್ರೇನ್' ಬೆಂಗಳೂರಿನ ಸಣ್ಣ ಕಂಪೆನಿಯೊಂದರಲ್ಲಿ ಹುಟ್ಟಿ ಆಮೇಲೆ ಗೂಗಲ್ ಪಾಲಾದದ್ದು. ರೈಲಿನೊಳಗಿರುವಾಗ ಅದು ಮೊಬೈಲ್ ಟವರಿನ ಸುಳಿವಿನಿಂದಲೇ ಸ್ಥಳ ಹೇಳಬಲ್ಲದು, ಇಂಟರ್ನೆಟ್ ಬೇಕಾಗುವುದಿಲ್ಲ.

ಬಸ್ಸಿಗೆ ಬಂದರೆ ಗಡಿ ಕಣ್ಣಿಗೆ ಕಾಣುತ್ತದೆ. ಮಂಗಳೂರು–ಕಾಸರಗೋಡು ದಾರಿಯಲ್ಲಿ ಎರಡು ರಾಜ್ಯಗಳ ಸಾರಿಗೆ ಸಂಸ್ಥೆಗಳೂ ಬಸ್ಸು ಓಡಿಸುತ್ತವೆ, ಎರಡರ ಹೆಸರೂ ಕೆಎಸ್ಆರ್‌ಟಿಸಿ. ಹೆಸರು ಯಾರದೆಂಬ ವ್ಯಾಜ್ಯ ಮದ್ರಾಸ್ ಹೈಕೋರ್ಟಿನವರೆಗೂ ಹೋಗಿತ್ತು. ಟಿಕೆಟ್ ಕಾಯ್ದಿರಿಸುವ ತಾಣಗಳು ಬೇರೆ ಬೇರೆ. ಬೆಂಗಳೂರಿಗೆ ರಾತ್ರಿ ಬಸ್ಸು ಹುಡುಕುವವರು ಎರಡನ್ನೂ ತೆರೆದು ನೋಡುವುದು ಲೇಸು. 2023ರ ಜೂನ್ 11ರಂದು ಆರಂಭವಾದ ಕರ್ನಾಟಕದ ಶಕ್ತಿ ಯೋಜನೆ ಆ ರಾಜ್ಯದ ವಿಳಾಸವಿರುವ ಮಹಿಳೆಯರಿಗೆ ಮಾತ್ರ, ಅದೂ ರಾಜ್ಯದೊಳಗಿನ ಪ್ರಯಾಣಕ್ಕೆ. ತಲಪಾಡಿಯಿಂದ ಮಂಗಳೂರಿಗೆ ದಿನವೂ ಕೆಲಸಕ್ಕೆ ಹೋಗುವ ಮಂಜೇಶ್ವರದ ಹೆಂಗಸು ಟಿಕೆಟಿನ ಹಣ ಕೊಡಲೇಬೇಕು.

ಅರ್ಧ ದಾಟಿ ಅರ್ಧ ನಿಲ್ಲುವ ಸೇವೆಗಳೂ ಇವೆ. ರೇಷನ್ ಕಾರ್ಡಿನದು ಹಾಗೆ. 'ಒಂದು ರಾಷ್ಟ್ರ ಒಂದು ಪಡಿತರ ಚೀಟಿ' ವ್ಯವಸ್ಥೆ 2022ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಮಂಗಳೂರಿನಲ್ಲಿ ಬಾಡಿಗೆಗಿರುವ ಕೇರಳದ ಕುಟುಂಬ ಬೆರಳಚ್ಚು ಕೊಟ್ಟು ಅಲ್ಲಿಯೇ ಅಕ್ಕಿ ಪಡೆಯಬಹುದು. ಆದರೆ ಇದು ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಡಿ ಬರುವ ಹಳದಿ ಮತ್ತು ಗುಲಾಬಿ ಕಾರ್ಡಿಗೆ ಸಲ್ಲುತ್ತದೆ, ನೀಲಿ ಮತ್ತು ಬಿಳಿ ಕಾರ್ಡಿಗೆ ಸಲ್ಲದು. ರಾಜ್ಯ ತನ್ನ ಖರ್ಚಿನಲ್ಲಿ ಕೊಡುವ ಹೆಚ್ಚುವರಿ ಪಾಲೂ ಜತೆಗೆ ಬರುವುದಿಲ್ಲ. ಚಿಕಿತ್ಸೆಯ ವಿಮೆಯಲ್ಲಿಯೂ ಹೀಗೆಯೇ ಎಚ್ಚರ ಬೇಕು. ಆಯುಷ್ಮಾನ್ ಯೋಜನೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಗೂ ಅನ್ವಯಿಸುತ್ತದೆಯಾದರೂ, ಮಂಗಳೂರಿನ ಆಸ್ಪತ್ರೆಗೆ ದಾಖಲಾಗುವ ಮೊದಲೇ ಅಲ್ಲಿನ ಯೋಜನಾ ಕೌಂಟರಿನಲ್ಲಿ ಕಾರ್ಡು ತೋರಿಸಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. 2020ರಲ್ಲಿ ಕೊರೊನಾದಿಂದ ಗಡಿ ಮುಚ್ಚಿ, ಮತ್ತೆ ತೆರೆದಾಗ ದಾಟಲು ಕೇರಳದ ಜಾಗ್ರತಾ ತಾಣದಲ್ಲೊಂದು, ಕರ್ನಾಟಕದ ಸೇವಾಸಿಂಧುವಿನಲ್ಲೊಂದು ನೋಂದಣಿ ಬೇಕಾಗಿತ್ತು. ಎರಡು ಸರಕಾರಗಳ ಗಣಕಗಳು ಒಂದನ್ನೊಂದು ಮಾತಾಡಿಸುವುದಿಲ್ಲ ಎಂಬುದು ಗಡಿಯ ಜನಕ್ಕೆ ಆಗ ಚೆನ್ನಾಗಿ ಅರಿವಾಯಿತು.

ಜಮೀನಿನ ವಿಷಯದಲ್ಲಿ ಈ ಎರಡು ಲೋಕಗಳು ಪೂರ್ತಿ ಬೇರೆ. ಕರ್ನಾಟಕದ ಭೂಮಿ ಯೋಜನೆ 2000ದ ಹೊತ್ತಿಗೆ ಪಹಣಿಯನ್ನು ಗಣಕಕ್ಕೆ ತಂದಿತು. ಹೋಬಳಿ, ಗ್ರಾಮ, ಸರ್ವೇ ನಂಬರು ಗೊತ್ತಿದ್ದರೆ ಎಲ್ಲಿ ಕುಳಿತೂ ನೋಡಬಹುದು, ಅದಕ್ಕೆ ಕರ್ನಾಟಕದ ನಿವಾಸಿಯಾಗಬೇಕೆಂದಿಲ್ಲ. ವಿಟ್ಲದ ಕಡೆ ತೋಟ, ಪೆರ್ಲದ ಕಡೆ ಮನೆ ಇರುವವರಿಗೆ ಇದು ದೊಡ್ಡ ಉಪಕಾರ. ಕೇರಳದಲ್ಲಿ ಕಂದಾಯ, ನೋಂದಣಿ, ಸರ್ವೇ ಎಂಬ ಮೂರು ಇಲಾಖೆಗಳ ದಾಖಲೆಗಳನ್ನು ಒಂದುಗೂಡಿಸಿದ 'ಎಂಡೆ ಭೂಮಿ' ತಾಣ 2024ರ ಅಕ್ಟೋಬರಿನಲ್ಲಿ ಬಂತು. ಅದು ಮೊದಲು ಜಾರಿಯಾದದ್ದು ಮಂಜೇಶ್ವರ ತಾಲೂಕಿನ ಉಜಾರುಳುವಾರಿನಲ್ಲಿ. ತೀರ್ವೆ ಕಟ್ಟಲು ಈಗ ವಿಲ್ಲೇಜ್ ಆಫೀಸಿಗೆ ಹೋಗಬೇಕಾಗಿಲ್ಲ, ತೀರ್ವೆ ಖಾತೆಯ ತಂಡಪ್ಪೇರ್ ನಂಬರು ಕೈಯಲ್ಲಿದ್ದರೆ ಸಾಕು.

ಆದಾಯ, ಜಾತಿ, ವಾಸ, ಸ್ವಾಧೀನ ಮುಂತಾದ ಸರ್ಟಿಫಿಕೇಟುಗಳು ಕೇರಳದ ಇ-ಡಿಸ್ಟ್ರಿಕ್ಟ್ ಮೂಲಕ ಸಿಗುತ್ತವೆ. ಜನನ, ಮರಣ, ವಿವಾಹ ನೋಂದಣಿಗೆ ಕೆ-ಸ್ಮಾರ್ಟ್ ಇದೆ. 2024ರ ಜನವರಿಯಲ್ಲಿ ನಗರಸಭೆಗಳಿಗೆ ಬಂದ ಅದು ಮರುವರ್ಷ ಪಂಚಾಯತುಗಳಿಗೂ ಬಂತು. ಈ ತಾಣಗಳ ವ್ಯವಹಾರವೆಲ್ಲ ಬಹುಪಾಲು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಲು 1969ರ ಕೇರಳ ರಾಜಭಾಷಾ ಕಾಯಿದೆ ಅವಕಾಶ ಕೊಟ್ಟಿದೆ. ಬಿಳಿ ಹಾಳೆಯ ಅರ್ಜಿಯ ಕಾಲದಲ್ಲಿ ಬಳಸಲು ಬರುತ್ತಿದ್ದ ಈ ಹಕ್ಕು ಅರ್ಜಿ ಪರದೆಗೆ ಹೋದ ಮೇಲೆ ತಾನಾಗಿಯೇ ಸವೆಯುತ್ತಿದೆ. ಗಡಿನಾಡಿನ ಸಂಘಟನೆಗಳು ಫಲಕಗಳ ಭಾಷೆಗೆ ಕೊಡುವಷ್ಟು ಗಮನವನ್ನು ಇದಕ್ಕೂ ಕೊಡಬೇಕಾಗಿದೆ. ಸದ್ಯಕ್ಕೆ ಆ ಕೊರತೆ ತುಂಬುತ್ತಿರುವುದು ಅಕ್ಷಯ ಕೇಂದ್ರಗಳು. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಕಂಪ್ಯೂಟರ್ ಸಾಕ್ಷರತೆಗೆಂದು ಶುರುವಾದ ಇವು ಈಗ ಅರ್ಜಿ ತುಂಬುವ ಕಟ್ಟೆಗಳಾಗಿವೆ. ಬದಿಯಡ್ಕದಂಥ ಕಡೆಗಳಲ್ಲಿ ಅರ್ಜಿದಾರರು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ್ದು ಅಲ್ಲಿ ಮಲಯಾಳದ ಅರ್ಜಿಯಾಗುತ್ತದೆ.

ಅನುವಾದದ ಆ್ಯಪ್‌ಗಳು ಸಣ್ಣಪುಟ್ಟ ಕೆಲಸಕ್ಕೆ ಸಾಕು. ಗೂಗಲ್ ಅನುವಾದಕ್ಕೆ ಕನ್ನಡ 2011ರಲ್ಲಿ, ಮಲಯಾಳ 2014ರಲ್ಲಿ ಸೇರಿದವು. ಕರೆಂಟು ಬಿಲ್ಲು, ಶಾಲೆಯ ನೋಟಿಸು, ಔಷಧದ ಚೀಟಿಯ ಸೂಚನೆಗಳತ್ತ ಕ್ಯಾಮೆರಾ ಹಿಡಿದರೆ ತಾತ್ಪರ್ಯ ಸಿಗುತ್ತದೆ, ಔಷಧದ ಪ್ರಮಾಣವನ್ನು ಮಾತ್ರ ಅಂಗಡಿಯವರಲ್ಲೇ ಕೇಳಬೇಕು. ಜಮೀನಿನ ಹಳೆಯ ದಸ್ತಾವೇಜುಗಳಿಗೆ ಇವನ್ನು ನಂಬುವಂತಿಲ್ಲ. 1956ಕ್ಕಿಂತ ಹಿಂದಿನ ಪತ್ರಗಳಲ್ಲಿ ಬರುವ ಮೂಲಗೇಣಿ, ಚಾಲಗೇಣಿ ಎಂಬ ಗೇಣಿಯ ಬಗೆಗಳ ಕಾನೂನಿನ ತೂಕ ಯಂತ್ರಕ್ಕೆ ತಿಳಿಯದು. ಅದಕ್ಕೆ ಇಂದಿಗೂ ಅನುಭವವಿರುವ ದಸ್ತಾವೇಜು ಬರಹಗಾರರೇ ಬೇಕು.

ವಿದ್ಯಾರ್ಥಿಗಳಿಗೆ ಕೇರಳದ ಸಮಗ್ರ ತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಸಿಗುತ್ತವೆ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರದವರಿಗೆ ಗಡಿನಾಡ ಕನ್ನಡಿಗರೆಂಬ ಅರ್ಹತೆಯಿದೆ. ಅದಕ್ಕೆ ವಾಸದ ಪ್ರಮಾಣಪತ್ರದ ಜತೆಗೆ ಕನ್ನಡ ಭಾಷಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಆದರೆ ಆನ್‌ಲೈನ್ ಅರ್ಜಿ ಜಾತಿ, ಆದಾಯಗಳಿಗೆ ಕೇಳುವುದು ಕರ್ನಾಟಕದ ನಾಡಕಚೇರಿ ಕೊಡುವ ಆರ್‌ಡಿ ನಂಬರನ್ನು. ಕೇರಳದ ತಹಶೀಲ್ದಾರರ ಪತ್ರಕ್ಕೆ ಅಂಥ ನಂಬರಿಲ್ಲ. ಆದ್ದರಿಂದ ಪ್ರಕಟಣೆಯಲ್ಲಿನ ಅರ್ಹತಾ ನಿಯಮವನ್ನೂ ದಾಖಲೆ ಪರಿಶೀಲನೆಯ ದಿನಾಂಕವನ್ನೂ ಮೊದಲೇ ಓದಿಕೊಂಡಿರಬೇಕು.

ಇಲ್ಲಿ ಹೇಳಿದ ಸೇವೆಗಳಲ್ಲಿ ಬಹಳಷ್ಟಕ್ಕೆ ಬೀಗದ ಕೈ ಒಟಿಪಿ. ಕೊಲ್ಲಿ ದೇಶಗಳಿಗೆ ಹೋಗಿಬಂದವರು, ಗಡಿಯ ಟವರಿಗೆ ತಕ್ಕಂತೆ ಸಿಮ್ ಬದಲಿಸಿದವರು ಬಹಳ ಇರುವ ಈ ಜಿಲ್ಲೆಯಲ್ಲಿ ಆಧಾರಿಗೆ ಜೋಡಿಸಿದ ನಂಬರು ಸತ್ತುಹೋಗಿರುವುದು ಅಪರೂಪವಲ್ಲ. ಅದನ್ನು ಬದಲಿಸಲು ಯಾವ ರಾಜ್ಯದ ಆಧಾರ್ ಕೇಂದ್ರವಾದರೂ ಆಗುತ್ತದೆ, ವಿಳಾಸ ಕೇರಳದ್ದಾದರೂ ಮಂಗಳೂರಿನಲ್ಲೇ ಈ ಕೆಲಸ ಮುಗಿಸಿಕೊಳ್ಳಬಹುದು.